ಅಕ್ಕನಿಗಾಗಿ ಇಳಿಸಿದ ಕಾರು

ಟಂಯ್ಯ್ಯ್ ಎಂದು ಶುರುವಾಗಿ, ಗೇಟಿಗೆ ಬಡಿದು ಢಣ್ ಎಂದು, ಆಮೇಲೆ ಅಂಗಳದ ಕಲ್ಲಿನ ಮೇಲೆ ಉರುಳಾಡುತ್ತ ಟಿಣಿಟಿಣಿ ಎಂದು ಮುಗಿದ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕಾರಿನ ಹಳೆಯ ಸ್ಪ್ರಿಂಗು ನಮ್ಮ ಯಜಮಾನರ ಕೈ ತಪ್ಪಿಸಿಕೊಂಡು ಹೋದ ಸದ್ದು ಅದು. ಕಲಬುರಗಿಯ ನಮ್ಮ ಓಣಿಯ ಬಾಗಿಲುಗಳೆಲ್ಲ ಒಂದೇ ಸಲ ತೆರೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಎದುರು ಮನೆಯ ಗೌರಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದು, "ಏನ್ರೀ ಅಕ್ಕೋರೆ, ಸಿಲಿಂಡರೇನ್ರಿ?" ಎಂದು ಕೇಳಿದಳು. ನಾನು ಕಾನ್ವೆಂಟಿನಲ್ಲಿ ಓದಿದವಳು. ಏನೇ ಸಿಡಿದರೂ ಮೊದಲು ಮ್ಯಾನರ್ಸ್, ಆಮೇಲೆ ಗಾಬರಿ. "ಸಾರಿ ಫಾರ್ ದ ಡಿಸ್ಟರ್ಬನ್ಸ್" ಎಂದೆ. ಅವಳು ನನ್ನನ್ನು ಬಿಟ್ಟು ನೆಲಕ್ಕೆ ಅಂಗಾತ ಮಲಗಿದ್ದ ನಮ್ಮ ಯಜಮಾನರನ್ನು ನೋಡಿ ಸೌಟು ಕೆಳಗಿಳಿಸಿದಳು.

ವಯಸ್ಸಾದವರಿಗೂ ಒಂದು ಹುಚ್ಚು ಇರಲಿ ಎಂದು ಜನ ಒಪ್ಪುತ್ತಾರೆ. ಆದರೆ ಯಾವ ಹುಚ್ಚು ಎಂಬುದನ್ನು ಅವರೇ ಗೊತ್ತು ಮಾಡಿರುತ್ತಾರೆ. ಭಜನೆ ಆಗಬಹುದು, ಉಪ್ಪಿನಕಾಯಿ ಆಗಬಹುದು, ಕುಂಡದಲ್ಲಿ ಗುಲಾಬಿ ಬೆಳೆಸಬಹುದು. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಕಾಲೇಜು ಹುಡುಗರ ಹಾಗೆ ಕಾರನ್ನು ನೆಲಕ್ಕೆ ತಾಗುವಷ್ಟು ಇಳಿಸಿಕೊಂಡು ಓಡಾಡಿದರೆ ಮಾತ್ರ ಯಾರಿಗೂ ಸಮಾಧಾನವಿಲ್ಲ. ನಾನು ಇಳಿಸಿದ್ದು ಶೋಕಿಗಲ್ಲ, ಅಕ್ಕನಿಗಾಗಿ ಎಂದು ಎಷ್ಟು ಜನರಿಗೆ ಹೇಳುವುದು?

ಶಾಂತಕ್ಕ ಕಮಲಾಪುರದವಳು. ಮಗ ಸೊಸೆಯ ಜೊತೆ, ಮನೆ ಮುಂದಿನ ಕೆಂಪು ಬಾಳೆಯ ಜೊತೆ, ಸುಖವಾಗಿಯೇ ಇದ್ದಳು. ಒಡಹುಟ್ಟಿದವರಲ್ಲಿ ಉಳಿದವರು ನಾವಿಬ್ಬರೇ. ನಾನು ಆಗಾಗ ಅಲ್ಲಿಗೆ ಹೋಗುತ್ತಿದ್ದೆ, ಆದರೆ ಅಲ್ಲಿ ಅವಳು ಅತ್ತೆ, ಅಜ್ಜಿ, ಓಣಿಗೆಲ್ಲ ದೊಡ್ಡಮ್ಮ. ನನ್ನ ಪಾಲಿಗೆ ಹಪ್ಪಳದ ಚೂರಿನಷ್ಟು ಅಕ್ಕ ಸಿಗುತ್ತಿದ್ದಳು. ನಮ್ಮ ಮನೆಗೆ ಬಂದು ಒಂದು ವಾರ ಇದ್ದರೆ ಇಡೀ ಅಕ್ಕ ನನಗೇ. ಎರಡು ಮಂಚ ಹತ್ತಿರ ಎಳೆದುಕೊಂಡು ಮಾತಾಡಬಹುದು, ಜಗಳವನ್ನೂ ಆಡಬಹುದು. ಅಷ್ಟೇ ನನ್ನ ಆಸೆ. ಆದರೆ ಫೋನಿನಲ್ಲಿ ಕರೆದಾಗಲೆಲ್ಲ ಅವಳದು ಒಂದೇ ರಾಗ: "ನಿನ್ನ ಗಾಡಿ ಭಾಳ ಎತ್ತರ ಅದ ನೀಲಾ. ಅಷ್ಟು ಮ್ಯಾಲ ಕಾಲು ಎತ್ತಾಕ ಆಗಂಗಿಲ್ಲ ನನಗ." ಗಾಡಿ ಹೊಸದರಲ್ಲಿ ಒಮ್ಮೆ ಅವಳನ್ನು ಕೂರಿಸಿಕೊಂಡು ಬಂದಿದ್ದೆ. ಬಾಗಿಲ ಮೇಲಿನ ಹಿಡಿಕೆಗೆ ಜೋತುಬಿದ್ದು ದಾರಿಯುದ್ದಕ್ಕೂ ಗಟ್ಟಿಯಾಗಿ ಓಂ ನಮಃ ಶಿವಾಯ ಹೇಳಿದ್ದಳು. ಎಂಥ ಡಿವೋಷನ್ ಎಂದು ನಾನು ಮನೆಯಲ್ಲಿ ಹೊಗಳಿದ್ದೆ. ಬಸ್ಸಿಗೆ ಬಾ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ತಂಗಿಯ ಮನೆಯಲ್ಲಿ ಕಾರು, ಅಕ್ಕ ಬಸ್ಸಿನಲ್ಲಿ! ಎಂಥ ಬ್ಯಾಡ್ ಮ್ಯಾನರ್ಸ್!

ಅಕ್ಕನ ಕಾಲನ್ನು ಎತ್ತರಿಸುವ ಹಾಗಿಲ್ಲ, ಕಾರನ್ನು ಇಳಿಸಬಹುದಲ್ಲ ಎಂದು ನನಗೆ ಹೊಳೆಯಿತು. ಮಾರ್ಕೆಟ್ಟಿನಲ್ಲಿ ಬಿಡಿಭಾಗ ಮಾರುವ ಸಲೀಂ ಭಾಯಿಯನ್ನು ಕೇಳಿದೆ. ಕಾರು ಕೆಳಗಿಳಿಸಲು ಗಿಡ್ಡ ಸ್ಪ್ರಿಂಗುಗಳು ಬರುತ್ತವೆ ಎಂದ. ಕೊಡು ಎಂದೆ.

"ಪೋತಾನ ಗಾಡಿಗೇನ್ರಿ ಅಮ್ಮಾ, ಮೊಮ್ಮಗಂದು?"

"ನೋ, ನನ್ನ ಗಾಡಿಗಿ."

"ಯಾ ಅಲ್ಲಾ! ನಿಮಗ್ಯಾಕ್ರಿ ಈ ಶೌಕು?"

"ಶೌಕಲ್ಲ ಭಾಯಿ. ನಮ್ಮ ಅಕ್ಕಂದು ಮೊಣಕಾಲು."

"ಮೊಣಕಾಲಿಗಿ ಎಣ್ಣಿ ಹಚ್ತಾರ್ರಿ ಅಮ್ಮಾ, ಸ್ಪ್ರಿಂಗ್ ಹಾಕಂಗಿಲ್ಲ" ಎಂದು ಹೇಳಿ, ಸ್ಪ್ರಿಂಗುಗಳನ್ನು ಮಾತ್ರ ಮರೆಯದೆ ಕಟ್ಟಿಕೊಟ್ಟ.

ಅವುಗಳನ್ನು ಹಾಕಲು ಗ್ಯಾರೇಜಿಗೆ ಕೊಡಬಹುದಿತ್ತು. ಆದರೆ ನಮ್ಮ ಯಜಮಾನರು ಶರಣಪ್ಪನವರು ಕಪನೂರಿನ ದಾಲ್ ಮಿಲ್ಲಿನಲ್ಲಿ ಯಂತ್ರ ನೋಡಿಕೊಂಡು ರಿಟೈರ್ ಆದವರು. ಬೇರೆಯವರ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಕಂಡರೆ ಅವರಿಗೆ ಹೊಟ್ಟೆ ಉರಿಯುತ್ತದೆ. ಅವರಿಗೆ ಕಾರು ಬಿಚ್ಚಲು ಬರುತ್ತದೆ, ಕೂಡಿಸಲು ಬರುತ್ತದೆ, ಓಡಿಸಲು ಬರುವುದಿಲ್ಲ. ಮಷೀನು ನಿಂತಲ್ಲೇ ನಿಂತು ಕೆಲಸ ಮಾಡಬೇಕು, ಊರು ತಿರುಗುವುದು ಅದರ ಕೆಲಸವಲ್ಲ ಎಂಬುದು ಅವರ ಸಿದ್ಧಾಂತ. ಮನೆಯ ಡ್ರೈವರ್ ನಾನೇ.

ಬಿಸಿಲು ಏರುವ ಮೊದಲು ಮುಗಿಸಬೇಕೆಂದು ಬೆಳಿಗ್ಗೆಯೇ ಅಂಗಳದಲ್ಲಿ ಜಾಕ್ ಹಚ್ಚಿ, ಕಾರನ್ನು ಎತ್ತಿ, ಚಕ್ರ ಬಿಚ್ಚಿದರು. ಸ್ಪ್ರಿಂಗಿನ ಜೊತೆ ಬಂದಿದ್ದ ಇಂಗ್ಲಿಷ್ ಹಾಳೆಯನ್ನು ಓದಿ ಹೇಳುವುದು ನನ್ನ ಕೆಲಸ. ಶಾಲೆಯಲ್ಲಿ ಎಲೊಕ್ಯೂಶನ್ ಪ್ರೈಜು ಗೆದ್ದವಳು ನಾನು. ಕಾಮಾ ಬಂದಲ್ಲಿ ನಿಲ್ಲಬೇಕು, ಫುಲ್‌ಸ್ಟಾಪ್ ಬಂದಲ್ಲಿ ಉಸಿರು ತೆಗೆದುಕೊಳ್ಳಬೇಕು. "ಕಂಗ್ರಾಚುಲೇಶನ್ಸ್, ಡಿಯರ್ ಕಸ್ಟಮರ್," ಎಂದು ಶುರು ಮಾಡಿದೆ.

ಕಾರಿನ ಕೆಳಗಿನಿಂದ ಧ್ವನಿ ಬಂತು: "ಅಭಿನಂದನಾ ಆಮ್ಯಾಲ. ಯಾವ ಬೋಲ್ಟು ಮೊದಲು, ಅದು ಹೇಳು."

"ಅದು ಮುಂದ ಬರ್ತದ್ರೀ. ನಡುವಿಂದ ಓದಬಾರದು."

ಹೀಗೆ ನಾನು ಕಂಪನಿಯ ಹೆಮ್ಮೆ, ಉಕ್ಕಿನ ಗುಣ, ಬಣ್ಣ ಮಾಸದ ಭರವಸೆ ಇವನ್ನೆಲ್ಲ ದಾಟಿ ಬರುವಷ್ಟರಲ್ಲಿ ಅವರು ಕಾಯಲಾರದೆ ಹಳೆಯ ಸ್ಪ್ರಿಂಗನ್ನು ಎರಡು ಕ್ಲ್ಯಾಂಪಿನಲ್ಲಿ ಹಿಡಿದು ಬಿಗಿದು ಬಿಗಿದು ಕುಗ್ಗಿಸಿದ್ದರು. "ಇನ್ನಾ ಪೀಠಿಕಿನೇ ಓದಾಕತ್ತೀಯೇನು?" ಎಂದು ನನ್ನನ್ನು ಬಯ್ಯಲು ಹಿಂದಕ್ಕೆ ಹೊರಳಿದ ಆ ಗಳಿಗೆಯಲ್ಲೇ ಒಂದು ಕ್ಲ್ಯಾಂಪು ಜಾರಿತು. ಅವರ ತಲೆ ಇದ್ದ ಜಾಗವನ್ನೇ ಹಾದು ಸ್ಪ್ರಿಂಗು ಗೇಟಿನ ತನಕ ಹಾರಿತು. ಗೌರಮ್ಮ ಹೋದ ಮೇಲೆ ಮುಂದಿನ ಸಾಲು ನೋಡಿದೆ. ಕುಗ್ಗಿಸಿದ ಸ್ಪ್ರಿಂಗಿನ ಎದುರು ಯಾರೂ ಇರಕೂಡದು ಎಂದು ದಪ್ಪ ಅಕ್ಷರದಲ್ಲಿ ಇತ್ತು. ಓದಿ ಹೇಳಿದೆ. "ಥ್ಯಾಂಕ್ಯೂ ರೀ ಟೀಚರಮ್ಮ" ಎಂದರು. ನನ್ನ ನಿಧಾನವೇ ಅವರ ತಲೆ ಉಳಿಸಿತೆಂದು ನಾನು ಈಗಲೂ ವಾದಿಸುತ್ತೇನೆ.

ಸಂಜೆಗೆ ಕಾರು ಮಲಗಿದ ಎಮ್ಮೆಯ ಹಾಗೆ ನೆಲ ಹಿಡಿದಿತ್ತು. ಮರುದಿನ ಅಕ್ಕನನ್ನು ಕರೆತರಲು ಹೊರಟೆವು. ರಸ್ತೆಯ ಮೊದಲ ಸ್ಪೀಡ್ ಹಂಪಿಗೇ ಕಾರಿನ ಹೊಟ್ಟೆ ಗರ್ರ್ ಎಂದು ತಾಗಿತು. ಒಬ್ಬರು ಇಳಿದರೆ ಮಾತ್ರ ಗಾಡಿ ದಾಟುತ್ತದೆ ಎಂದು ಗೊತ್ತಾಯಿತು. ನಾನು ಡ್ರೈವರ್, ನಾನು ಇಳಿಯುವ ಹಾಗಿಲ್ಲ. ಹಂಪು ಬಂದಾಗಲೆಲ್ಲ ನಮ್ಮ ಯಜಮಾನರು ಇಳಿದು, ಮದುವೆ ಮೆರವಣಿಗೆಗೆ ದಾರಿ ಬಿಡಿಸುವವರ ಹಾಗೆ ಮುಂದೆ ನಡೆದು, ಆಚೆಗೆ ಮತ್ತೆ ಹತ್ತುತ್ತಿದ್ದರು. ನಡುನಡುವೆ ನಾನು ಮಾತಾಡಿಸಿದರೆ, "ಮುಂದ ನೋಡು, ಮುಂದ ನೋಡು" ಎನ್ನುವುದು ಬಿಟ್ಟು ಬೇರೆ ಉತ್ತರವೇ ಇಲ್ಲ. ಮಾತಾಡುವಾಗ ಎದುರಿನವರ ಕಣ್ಣು ನೋಡಿ ಮಾತಾಡಬೇಕು ಎಂದು ಸಿಸ್ಟರ್ ನಮಗೆ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ದಾಲ್ ಮಿಲ್ಲಿನಲ್ಲಿ ಅದನ್ನು ಯಾರು ಕಲಿಸಬೇಕು, ಪಾಪ!

ಕಮಲಾಪುರದಲ್ಲಿ ಅಕ್ಕ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಾಗಿಲು ತೆರೆದು ಕೂತೂ ನೋಡಿದಳು. "ಅಬಬಾ, ಹಾಸಿಗಿ ಹಂಗ ಆಗೇದಲ್ಲ! ಹತ್ತೂದೇ ಬ್ಯಾಡ, ಉರುಳಿ ಬಿದ್ರ ಸಾಕು" ಎಂದಳು. ನಾನು ಹಿಗ್ಗಿ ಸ್ಟೇರಿಂಗಿನ ಮುಂದೆ ಕೂತೆ. ಅಕ್ಕನ ಮುಖ ಸಣ್ಣಗಾಯಿತು.

"ಶರಣಪ್ಪನವರ, ನೀವು ಇನ್ನಾ ಓಡಸೂದು ಕಲ್ತಿಲ್ಲೇನ್ರಿ?"

"ಇಲ್ರಿ ಅಕ್ಕೋರೆ. ನನ್ನ ಕೆಲಸ ಬರೇ ಇಳಸೂದು."

ಅಕ್ಕ ಹತ್ತಿದಷ್ಟೇ ಸಲೀಸಾಗಿ ಇಳಿದುಬಿಟ್ಟಳು. "ನೀಲಾ, ಸಿಟ್ಟಿಗೇಳಬ್ಯಾಡ. ಗಾಡಿ ಎಷ್ಟು ಇಳಿಸಿದ್ರೂ ಓಡಸಾಕಿ ನೀನೇ ಅಲ್ಲೇನು? ನಾ ಬಸ್ಸಿಗಿ ಬರ್ತೀನಿ."

"ವಾಟ್! ನನ್ನ ಡ್ರೈವಿಂಗಿಗಿ ಏನಾಗೇದ? ಗಾಡಿಗಿ ಒಂದು ಸ್ಕ್ರಾಚ್ ತೋರಿಸು ನೋಡೋಣ."

"ಗಾಡಿಗಿ ಏನೂ ಆಗಿಲ್ಲ, ಕುಂತವರಿಗಿ ಆಗ್ತದ. ಎದುರಿಗಿ ಲಾರಿ ಬರಾಕತ್ತಿದ್ರ ನೀ ನನ್ನ ಮಾರಿ ನೋಡಿ 'ಚಾ ಕುಡಿತೀಯೇನಕ್ಕ' ಅಂತಿ. ಆವತ್ತು ದಾರಿ ತುಂಬ ಶಿವನ ಹೆಸರು ಹಿಡದದ್ದು ಭಕ್ತಿಗಲ್ಲವಾ ತಂಗಿ, ಜೀವಕ್ಕ ಅಂಜಿ."

"ಮತ್ತ ಎತ್ತರ ಎತ್ತರ ಅಂತ ಯಾಕ ಹೇಳ್ತಿದ್ದಿ?"

"ಪ್ರೀತಿಲೆ ಕರೀತಿ, ನಿನ್ನ ಕೈ ಸರಿ ಇಲ್ಲ ಅಂತ ಹೆಂಗನ್ಲಿ? ಗಾಡಿ ಸರಿ ಇಲ್ಲ ಅಂದೆ. ಗಾಡಿ ಅಳಂಗಿಲ್ಲ."

"ಬಸ್ಸಿಗೇ ಬಂದುಬಿಡಬೇಕಿತ್ತಲ್ಲ ಹಂಗಾದ್ರ!"

"ಗಾಡಿ ಹತ್ತಾಕ ಆಗಂಗಿಲ್ಲ ಅಂದಾಕಿ ಬಸ್ಸು ಹೆಂಗ ಹತ್ತಲಿ? ನನ್ನ ಸುಳ್ಳಿನಾಗ ನಾನೇ ಸಿಕ್ಕೊಂಡು ಕುಂತಿದ್ದೆ."

ನಮ್ಮ ಯಜಮಾನರು ಬಾಳೆ ಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಇವರಿಗೂ ಗೊತ್ತಿತ್ತು! ಗೊತ್ತಿದ್ದೂ ನಾಲ್ಕು ಸ್ಪ್ರಿಂಗು ಹಾಕಿದ್ದರು!

ಅಕ್ಕ ಬಸ್ಸಿಗೇ ಬಂದಳು. ಹಂಪಿಗೊಮ್ಮೆ ಯಜಮಾನರನ್ನು ಇಳಿಸಿ ಹತ್ತಿಸಿಕೊಂಡು ನಾವು ಮನೆ ಮುಟ್ಟುವಷ್ಟರಲ್ಲಿ ಅವಳು ನಮ್ಮ ಕಟ್ಟೆಯ ಮೇಲೆ ಕೂತು ಗೌರಮ್ಮನ ಕೈಯ ಚಹಾ ಮುಗಿಸಿದ್ದಳು. ಒಂದು ವಾರ ಇದ್ದಳು. ಎರಡು ಮಂಚ ಹತ್ತಿರ ಎಳೆದುಕೊಂಡೆವು. ಏಳನೇ ಇಯತ್ತೆಗೆ ಅವಳನ್ನು ಶಾಲೆ ಬಿಡಿಸಿ ನನ್ನನ್ನು ಕಾನ್ವೆಂಟಿಗೆ ಹಾಕಿದ್ದನ್ನು ಅವಳೇ ನಗುತ್ತ ನೆನೆದಳು. "ರಜಾಕ್ಕ ಮನಿಗಿ ಬಂದ್ರ 'ಎಕ್ಸ್‌ಕ್ಯೂಸ್ ಮಿ' ಅಂತಂದು ಸಾರು ಹಾಕಿಸ್ಕೊಂತಿದ್ದಿ. ಅವ್ವ ಹೆದರಿ ಎರಡು ಸೌಟು ಹೆಚ್ಚಿಗಿ ಹಾಕ್ತಿದ್ಲು" ಎಂದು ನನ್ನ ದನಿಯನ್ನೇ ಅಣಕಿಸಿದಳು. ಅವಳು ಸರಸರ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ಬಟ್ಟೆ ಹರವಿ ಬರುತ್ತಿದ್ದಳು. ನಾನು ಕೆಳಗೆ ಕೂತು ಕಾಲು ನೀವಿಕೊಳ್ಳುತ್ತಿದ್ದೆ. ದಿನವೂ ಸಂಜೆ ಅವಳೇ ಎಣ್ಣೆ ಬಿಸಿ ಮಾಡಿ ನನ್ನ ಮೊಣಕಾಲಿಗೆ ಹಚ್ಚಿದಳು. ನೋವು ಇದ್ದದ್ದು ನನಗೇ.

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಅಕ್ಕ ಹೋಗಿಬಿಟ್ಟಳು. ಫೋನು ಬಂದೊಡನೆ ನಾನು ಕಾರಿನ ಕೀ ಹುಡುಕತೊಡಗಿದೆ. ಅಷ್ಟರಲ್ಲಿ ಯಜಮಾನರು ಸದ್ದಿಲ್ಲದೆ ಬಸ್‌ಸ್ಟ್ಯಾಂಡಿಗೆ ಆಟೋ ಕರೆದಿದ್ದರು.

ನಾನು ನೆನೆಯುವುದು ಅವಳು ವಾರ ಮುಗಿಸಿ ಊರಿಗೆ ಹೊರಟ ದಿನವನ್ನು. ಬಸ್ಸನ್ನು ಚಿಕ್ಕ ಹುಡುಗಿಯ ಹಾಗೆ ಜಿಗಿದು ಹತ್ತಿ ಹಿಂದಿನ ಸೀಟು ಹಿಡಿದಳು. ಅಕ್ಕನನ್ನು ಹಾಗೇ ಕಳಿಸುವುದು ಹೇಗೆ? ಬಸ್ಸಿನ ಹಿಂದೆಯೇ ಕಾರು ಬಿಟ್ಟೆ, ಕಪನೂರಿನ ತನಕ. ಅಲ್ಲಿ ಹಂಪು ಬಂತು. ಬಸ್ಸು ಸಾವಕಾಶ ಆಯಿತು, ನಮ್ಮ ಯಜಮಾನರು ರೂಢಿಯಂತೆ ಇಳಿದರು. ಹಿಂದಿನ ಗಾಜಿನಲ್ಲಿ ಅಕ್ಕನ ಮುಖ ಕಾಣಿಸಿತು. ಅಂಗೈಯನ್ನು ಕೆಳಗೆ ಮಾಡಿ ಗಾಳಿಯನ್ನು ತಟ್ಟುತ್ತಿದ್ದಳು, ನಿಧಾನ, ನಿಧಾನ ಎಂದು. ಯಾರನ್ನಾದರೂ ಬೀಳ್ಕೊಡುವಾಗ ಸರಿಯಾಗಿ ಕೈ ಬೀಸದೆ ಇರುವುದು ನನ್ನಿಂದಾಗದು. ಕಾರು ಹಂಪು ಹತ್ತುತ್ತಿದ್ದಂತೆ ಅವಳ ಕಣ್ಣನ್ನೇ ನೋಡುತ್ತ ಎರಡೂ ಕೈ ಎತ್ತಿ ಬೀಸಿದೆ. ಅಕ್ಕ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಹಾಗೆ.