ಶಿಬಿರಾರ್ಥಿಗಳು ಮುಟ್ಟಬಾರದ ಮೋಟಾರು

ಪುಕ್ಕಟೆ ಎಂದರೆ ನಮ್ಮ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಾರೆ, ಇಲ್ಲವೇ ಇದರಲ್ಲಿ ಏನೋ ಮಸಲತ್ತಿದೆ ಎಂದು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ. ಮದುವೆಮನೆಯ ಊಟ ಮೊದಲನೆಯ ಜಾತಿಗೆ ಸೇರಿದ್ದು. ನಾನು ಉಸ್ತುವಾರಿ ನೋಡಿಕೊಳ್ಳುವ ಸಂಸ್ಥೆ ಎರಡನೆಯದಕ್ಕೆ. ಕಡೂರಿನಿಂದ ಸ್ವಲ್ಪ ಹೊರಗೆ ನಮ್ಮದೊಂದು ತರಬೇತಿ ಕೇಂದ್ರವಿದೆ. ಇಲ್ಲದವರ ಮನೆಯ ಹುಡುಗ ಹುಡುಗಿಯರನ್ನು ಒಂದೂವರೆ ತಿಂಗಳು ಇಟ್ಟುಕೊಂಡು, ಊಟ, ಹಾಸಿಗೆ, ಮೈಸೋಪು ಎಲ್ಲವನ್ನೂ ಕೊಟ್ಟು, ಒಂದು ಕಸುಬು ಕಲಿಸಿ ಕಳಿಸುತ್ತೇವೆ. ಬಿಡಿಗಾಸೂ ತೆಗೆದುಕೊಳ್ಳುವುದಿಲ್ಲ ಎಂದು ನಾನು ಹೇಳುವ ತನಕ ಕೇಳುವವರ ಮುಖ ಚೆನ್ನಾಗಿಯೇ ಇರುತ್ತದೆ. ಹೇಳಿದ ಮೇಲೆ ಕಪ್ಪಿಡುತ್ತದೆ. ಒಮ್ಮೆ ಸಖರಾಯಪಟ್ಟಣದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಮಗಳನ್ನು ಎಬ್ಬಿಸಿಕೊಂಡು ಹಿಂದಿನ ಸೀಟಿಗೆ ಹೋದರು.

ಜನರನ್ನು ಬೈದು ಪ್ರಯೋಜನವಿಲ್ಲ, ಏಕೆಂದರೆ ನಾನೇನೂ ಕಡಿಮೆಯವನಲ್ಲ. ಇಲ್ಲಿಗೆ ಬರುವ ಮೊದಲು ನಾಡಕಚೇರಿಯಲ್ಲಿ ಗುಮಾಸ್ತನಾಗಿ ಸವೆದು ನಿವೃತ್ತನಾದವನು. ಖಾತೆ, ಪಹಣಿಗಳ ನಡುವೆ ನಾನು ಕಲಿತ ವಿದ್ಯೆ ಒಂದೇ: ಯಾರ ಕೈಗೂ ಏನೂ ಸಿಗದ ಹಾಗೆ ಇಡುವುದು. ಇಲ್ಲಿಗೆ ಬಂದ ಮೊದಲ ವಾರವೇ ಪಂಪ್‌ಮನೆಗೆ ಬೀಗ ಹಾಕಿಸಿ, ಬಾಗಿಲ ಮೇಲೆ 'ಶಿಬಿರಾರ್ಥಿಗಳು ಮುಟ್ಟಬಾರದು' ಎಂದು ಕೆಂಪಕ್ಷರದಲ್ಲಿ ಬರೆಸಿದೆ. ಹತ್ತು ಮಾರು ಆಚೆಯ ಶೆಡ್ಡಿನಲ್ಲಿ ಅದೇ ಶಿಬಿರಾರ್ಥಿಗಳು ದಿನವಿಡೀ ಇಂಥವೇ ಮೋಟಾರುಗಳನ್ನು ಬಿಚ್ಚಿ, ತಂತಿ ಸುತ್ತಿ, ಮತ್ತೆ ಜೋಡಿಸುತ್ತಿದ್ದರು. ಮೋಟಾರು ರಿಪೇರಿಯೇ ಅವರ ಪಾಠ. ಇದರಲ್ಲೇನಾದರೂ ವಿಚಿತ್ರವಿದೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಡಿಗೆಯ ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಬಂದು, "ಸಾರ್, ಟ್ಯಾಂಕಲ್ಲಿ ತೊಟ್ಟು ನೀರಿಲ್ಲ, ಪಂಪ್‌ಮನೇಲಿ ಸುಟ್ಟ ವಾಸ್ನೆ ಬತ್ತೈತೆ" ಎಂದರು. ಬೀಗ ತೆಗೆದೆ. ಮೋಟಾರಿನ ಕಾಯಿಲ್ ಸುಟ್ಟು ಕರಕಲಾಗಿತ್ತು. ನೆಲದ ತೊಟ್ಟಿಯಲ್ಲಿ ನೀರಿದೆ, ಮೇಲಿನ ಟ್ಯಾಂಕಿಗೆ ಏರುವುದಿಲ್ಲ. ಅಡಿಗೆಗೆ ಬೇಕಾದರೆ ಬಿಂದಿಗೆಯಲ್ಲಿ ಹೊರಬಹುದು. ಮೂವತ್ತಾರು ಮಂದಿಯ ಸ್ನಾನಕ್ಕೆ, ಕಕ್ಕಸಿಗೆ ಏನು ಮಾಡುವುದು? ಪಾಠ ಹೇಳುವ ಮೇಷ್ಟ್ರು ತರೀಕೆರೆಗೆ ಗೃಹಪ್ರವೇಶಕ್ಕೆ ಹೋಗಿದ್ದರು. ಪೇಟೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, ಬುಧವಾರದ ತನಕ ಕೈ ಬಿಡುವಿಲ್ಲ ಎಂದ. ಗುಮಾಸ್ತನ ಬುದ್ಧಿ ಕೂಡಲೇ ಪರಿಹಾರ ಕಂಡುಹಿಡಿಯಿತು. ಬುಧವಾರದ ತನಕ ಎಲ್ಲರೂ ಊರಿಗೆ ಹೋಗಿಬನ್ನಿ ಎಂದು ಸಾರಿಬಿಟ್ಟೆ.

ಎಲ್ಲರೂ ಖುಷಿಯಾದರು, ಭಾಗ್ಯ ಒಬ್ಬಳನ್ನು ಬಿಟ್ಟು. ಅಜ್ಜಂಪುರದ ಕಡೆಯ ಹುಡುಗಿ, ಮಾತು ಕಡಿಮೆ. ಅವಳ ಅಪ್ಪ ತಿಮ್ಮಣ್ಣ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುವ, ಎಣಿಸಿ ಹಾಕುವ ಕೆಲಸದವನು. ಅವನು ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ನಿಂತಿದ್ದ, ಮಗಳನ್ನು ಕರೆದುಕೊಂಡು ಹೋಗಲೆಂದೇ ಬಂದವನು. ಪುಕ್ಕಟೆ ಊಟ ಹಾಕಿ ಕೊನೆಗೆ ಕಿಡ್ನಿ ತೆಗೆಯುತ್ತಾರೆ ಎಂದು ಊರಲ್ಲಿ ಯಾರೋ ಅವನ ಕಿವಿ ಊದಿದ್ದರು.

"ಇನ್ ಹದಿನೈದ್ ದಿನ ಅಪ್ಪಾ, ಸರ್ಟಿಫಿಕೇಟ್ ಸಿಗ್ತದೆ" ಎಂದಳು ಭಾಗ್ಯ.

"ಸಾಹೇಬ್ರೇ ಹೋಗಿ ಅಂತಾವ್ರೆ, ನಡಿಯವ್ವ. ಸುಮ್ನೆ ಕೊಟ್ಟಿದ್ದು ಒಂದ್ ವಿದ್ಯೇನಾ?"

ಅವಳು ಹೋದರೆ ತಿರುಗಿ ಬರುವುದಿಲ್ಲ ಎಂಬುದು ನನಗೂ ಗೊತ್ತಾಯಿತು. ಅಷ್ಟರಲ್ಲಿ ಹುಡುಗಿ ಬ್ಯಾಗನ್ನು ನೆಲಕ್ಕಿಟ್ಟು ನನ್ನೆದುರು ಬಂದು ನಿಂತಳು. "ಸಾರ್, ಆ ಮೋಟ್ರು ನಮಗೇ ಕೊಡಿ. ನಾವೇ ಕಟ್ತೀವಿ."

ಆಗ ನಾನು ಆಡಿದ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. "ನೋಡಮ್ಮಾ, ನೀವು ಬಂದಿರೋದು ರಿಪೇರಿ ಕಲಿಯೋದಕ್ಕೆ, ರಿಪೇರಿ ಮಾಡೋದಕ್ಕಲ್ಲ" ಎಂದೆ. ಗೌರಮ್ಮ ಸೌಟು ಹಿಡಿದ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ನನ್ನನ್ನು ನೋಡಿದ ರೀತಿಗೆ ಹೆದರಿ ಮೇಷ್ಟ್ರಿಗೆ ಫೋನು ಹಚ್ಚಿದೆ. ಗೃಹಪ್ರವೇಶದ ಓಲಗದ ನಡುವೆ ಅವರು ಕೂಗಿದರು: "ಅಯ್ಯೋ, ಅವಳಿಗೆ ಕೊಡ್ರೀ ಮಾರಾಯ್ರೆ! ಆ ಕೈ ನನಗೂ ಇಲ್ಲ!"

ಕೊಟ್ಟೆ. ಊರಿಗೆ ಹೊರಟಿದ್ದವರೂ ಬ್ಯಾಗು ಕೆಳಗಿಟ್ಟು ಶೆಡ್ಡಿಗೆ ಬಂದರು. ಬಿಚ್ಚುವುದು, ಸುಟ್ಟ ತಂತಿ ಕಿತ್ತು ಸುತ್ತು ಎಣಿಸಿ ಬರೆದುಕೊಳ್ಳುವುದು, ತಂತಿ ಕಬ್ಬಿಣಕ್ಕೆ ತಾಗದ ಹಾಗೆ ಒಳಗೆ ಹೊಸ ಕಾಗದ ಕೂರಿಸುವುದು, ಎಲ್ಲ ಮಧ್ಯಾಹ್ನದೊಳಗೆ ಮುಗಿಯಿತು. ಅಪ್ಪನಿಗೆ ಸಂಜೆಯ ಬಸ್ಸಿನ ತನಕ ಸಮಯವಿತ್ತು. ಒಂದು ಬಕೆಟ್ಟು ಬೋರಲು ಹಾಕಿಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕೂತಿದ್ದ. ಆಮೇಲೆ ತಂತಿ ಸುತ್ತುವ ಕೆಲಸ. ಸುತ್ತುವ ಯಂತ್ರದ ಲೆಕ್ಕದ ಮುಳ್ಳು ಮುರಿದು ಎಷ್ಟೋ ದಿನವಾಗಿತ್ತು. ಹೊಸದು ತರಿಸುವ ಅರ್ಜಿ ನನ್ನ ಮೇಜಿನ ಮೇಲೆ ಹಣ್ಣಾಗುತ್ತಿತ್ತು. ಹಾಗಾಗಿ ಭಾಗ್ಯ ಹಿಡಿ ತಿರುಗಿಸುತ್ತ ಬಾಯಲ್ಲೇ ಎಣಿಸತೊಡಗಿದಳು: "ಲಾಭ, ಎರಡು, ಮೂರು..."

ಕಾಳು ಅಳೆಯುವವರು, ಕಾಯಿ ಎಣಿಸುವವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ತಾಮ್ರದ ತಂತಿಗೂ ಲಾಭ ಹೇಳಿದವಳನ್ನು ನಾನು ಇವಳೊಬ್ಬಳನ್ನೇ ಕಂಡದ್ದು. ಬಕೆಟ್ಟಿನ ಮೇಲಿದ್ದವನ ಕತ್ತು ಇತ್ತ ತಿರುಗಿತು.

ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಮೂವತ್ತೆಂಟನೆಯ ಸುತ್ತಿಗೆ "ಎಷ್ಟಾಯ್ತಮ್ಮಾ?" ಎಂದೆ. ಲೆಕ್ಕ ತಪ್ಪಿತು. ಬಿಚ್ಚಿ ಮೊದಲಿನಿಂದ ಸುತ್ತಿದಳು. ಐವತ್ತರ ಹತ್ತಿರ ಬಂದಾಗ, ಅವಳಿಗೆ ಆಯಾಸವಾಗಿರಬೇಕೆಂದು ಕರುಣೆ ಉಕ್ಕಿ "ಕಾಫಿ ಕುಡೀತೀಯಾ?" ಎಂದೆ. ಮತ್ತೆ ತಪ್ಪಿತು. ಹುಡುಗಿಯ ಕಣ್ಣು ತುಂಬಿಕೊಂಡಿತು. "ಲೆಕ್ಕ ಹೆಚ್ಚುಕಮ್ಮಿ ಆದ್ರೆ ಮತ್ತೆ ಸುಟ್ಟೋಯ್ತದೆ ಸಾರ್" ಎಂದಳು. ಬಸ್ಸಿಗೆ ಹೊತ್ತಾಗುತ್ತಿತ್ತು.

ತಿಮ್ಮಣ್ಣ ಎದ್ದ. ನನ್ನೆದುರು ಬಂದು ಕೈಮುಗಿದು, "ಸ್ವಾಮೀ, ವಸಿ ಬಾಯ್ ಮುಚ್ಕಂಡು ಆಚೆ ಕುಂತ್ಕಳಿ" ಎಂದ. ಮಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು, "ನೀನ್ ತಿರುಗ್ಸವ್ವ, ಎಣ್ಸಾದು ನಂಗ್ ಬುಡು. ಲಾಭಾ..." ಎಂದು ರಾಗ ತೆಗೆದ. ಮಂಡಿಯಲ್ಲಿ ಸಾವಿರ ಕಾಯಿ ಎಣಿಸಿದರೂ ಒಂದು ತಪ್ಪದ ಗಂಟಲು ಅದು. ಅವಳು ತಿರುಗಿಸಿದಳು, ಅವನು ಎಣಿಸಿದ. ನಾನು ಬಕೆಟ್ಟಿನ ಮೇಲೆ ಕೂತೆ. ಸಂಜೆಯ ಬಸ್ಸು ಹಾರನ್ನು ಹೊಡೆದುಕೊಂಡು ಹೋಯಿತು. ತಲೆಯೆತ್ತಿ ನೋಡಿದವರು ಯಾರೂ ಇಲ್ಲ, ನಾನೊಬ್ಬ ನೋಡಿದೆ.

ತಂತಿ ಕೂರಿಸಿ, ವಾರ್ನಿಷ್ ಹೊಯ್ದು, ಒಣಗಲೆಂದು ದೊಡ್ಡ ಬಲ್ಬಿನ ಕಾವಿಗೆ ಇಟ್ಟರು. ತಿಮ್ಮಣ್ಣ ಅಂದು ನಮ್ಮಲ್ಲೇ ಮುದ್ದೆ ಉಂಡು ಮಲಗಿದ. ಬೆಳಿಗ್ಗೆ ಎದ್ದವನೇ ಎರಡೂ ಪಕ್ಕೆ ಒತ್ತಿ ನೋಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಎರಡೂ ಕಿಡ್ನಿ ಇದ್ದವು. ನಂತರ ಎಲ್ಲರೂ ಪಂಪ್‌ಮನೆಯ ಮುಂದೆ ನೆರೆದರು. ಗೌರಮ್ಮ ಒಂದು ಕಾಯಿ ಒಡೆದರು. ಭಾಗ್ಯ ಸ್ವಿಚ್ಚು ಒತ್ತಿದಳು. ಮೋಟಾರು ಗುಂಯ್ ಎಂದು ತಿರುಗತೊಡಗಿತು. ಎಲ್ಲರೂ ಉಸಿರು ಬಿಗಿಹಿಡಿದು ಮೇಲೆ ನೋಡುತ್ತಿದ್ದ ಹಾಗೆ ಟ್ಯಾಂಕಿನೊಳಗೆ ನೀರು ಧೋ ಎಂದು ಬಿತ್ತು. ಆಮೇಲೆ ಎದ್ದ ಕೇಕೆ, ಸಿಳ್ಳೆಗಳು ಕಡೂರು ಸ್ಟೇಷನ್ನಿನ ತನಕ ಕೇಳಿರಬೇಕು. ನನಗೂ ಹಿಗ್ಗು ತಡೆಯಲಾಗಲಿಲ್ಲ, ಗೌರಮ್ಮನ ಕೈಯಿಂದ ಕಾಯಿಹೋಳು ಕಿತ್ತುಕೊಂಡು ಎಲ್ಲರಿಗೂ ಹಂಚಿದೆ.

ತಿಮ್ಮಣ್ಣ ಮಗಳ ಬ್ಯಾಗನ್ನು ತಾನೇ ಹೆಗಲಿಗೇರಿಸಿಕೊಂಡು ಹಾಸ್ಟೆಲಿನ ಬಾಗಿಲಲ್ಲಿ ಇಟ್ಟು, "ಸರ್ಟಿಫಿಕೇಟ್ ಇಸ್ಕಂಡೇ ಬಾ ಕಣವ್ವ" ಎಂದ. ತಿರುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಸುಳ್ಳೇಕೆ ಹೇಳಲಿ.

ಭಾಗ್ಯ ಈಗ ಅಜ್ಜಂಪುರದಲ್ಲಿ ಒಂದು ಅಂಗಡಿಯ ಮೂಲೆ ಹಿಡಿದು ಮೋಟಾರು ಕಟ್ಟುತ್ತಾಳೆ, ಕೈತುಂಬ ಕೆಲಸ. ಮುಂದಿನ ತಂಡ ಸೇರುವ ದಿನ ತಿಮ್ಮಣ್ಣ ತನ್ನ ಕೇರಿಯ ಐದು ಹುಡುಗಿಯರನ್ನು ಮುಂದೆ ಬಿಟ್ಟುಕೊಂಡು ಬಂದ. ಅವರನ್ನು ಪಂಪ್‌ಮನೆಗೆ ಕರೆದೊಯ್ದು, ಆ ದಿನದ ಕಥೆಯನ್ನು ಕೈ ಆಡಿಸುತ್ತ, ಎಣಿಸುವ ರಾಗದ ಸಮೇತ ಒಪ್ಪಿಸಿದ. ನಾನು ಅರ್ಜಿ ತುಂಬಿಸಿಕೊಳ್ಳಲು ಮೇಜಿನ ಹಿಂದೆ ಗತ್ತಿನಿಂದ ಕೂತೆ. ಸಾಲಿನಲ್ಲಿ ಮೊದಲು ನಿಂತ ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹಿಂದೆ ತಿರುಗಿ ಕೇಳಿದಳು:

"ತಿಮ್ಮಣ್ಣ ಮಾವಾ, ಎರಡ್ ಸಲ ಲೆಕ್ಕ ತಪ್ಸಿದ್ದು ಇವ್ರೇನಾ?"

"ಹೂಂ ಕಣವ್ವ. ಆದ್ರೆ ಒಳ್ಳೇವ್ರು" ಎಂದ ತಿಮ್ಮಣ್ಣ. "ಹೇಳುದ್ರೆ ಸುಮ್ಕಿರ್ತಾರೆ."

ನಿವೃತ್ತಿಯ ದಿನ ಹಾರ ಹಾಕಿ ಹೊಗಳಿದವರು ಕೂಡ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಬಾಯಿ ಬಿಡದೆ ಅರ್ಜಿಯನ್ನು ಅವಳ ಮುಂದೆ ಸರಿಸಿದೆ.