ದೊಡ್ಡವ್ವನ ಲೇಸರ್ ಪಥ್ಯ

ನಮ್ಮ ದೊಡ್ಡವ್ವ ಸೂರ್ಯನ ಜೊತೆ ಠೂ ಬಿಟ್ಟಿದ್ದಳು! ನಂಬುವುದಿಲ್ಲವೇ? ಆದೋನಿ ಸೀಮೆಯಲ್ಲಿ ಅರವತ್ತನಾಲ್ಕು ಬೇಸಿಗೆ ಕಂಡವಳು, ಹತ್ತಿ ಹೊಲದಲ್ಲಿ ತಲೆಗೆ ಸೆರಗೂ ಹೊದೆಯದೆ ಮಧ್ಯಾಹ್ನಗಳನ್ನು ಕಳೆದವಳು, ಒಂದು ದಿನ ಕರಿ ಕೊಡೆ ಬಿಚ್ಚಿ, "ಇನ್ನಮ್ಯಾಲ ಅವನ ಮಾರಿ ನಾ ನೋಡಂಗಿಲ್ಲ" ಎಂದುಬಿಟ್ಟಳು. ಸೂರ್ಯನಿಗೂ ಒಂದು ಕ್ಷಣ ಗಾಬರಿಯಾಗಿರಬೇಕು.

ಕಾರಣ ನನ್ನ ಗದ್ದ. ಹದಿನೆಂಟಕ್ಕೇ ಅಲ್ಲಿ ಕೂದಲು ಬರತೊಡಗಿತ್ತು. ಚಳಿಗಾಲದಲ್ಲಿ ದುಪಟ್ಟಾವನ್ನು ಗದ್ದದವರೆಗೆ ಸುತ್ತಿಕೊಂಡರೆ ಯಾರೂ ಕೇಳುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಹಾಗೆ ಸುತ್ತಿಕೊಂಡರೆ "ಜ್ವರ ಬಂದೈತೇನು?" ಎನ್ನುತ್ತಾರೆ. ಹತ್ತು ಬೇಸಿಗೆ ನಾನು ಅಂಗನವಾಡಿಗೆ ಜ್ವರದವಳಂತೆಯೇ ಹೋಗಿಬಂದೆ. ಹನ್ನೊಂದನೆಯದು ಬರುವ ಮೊದಲೇ ಕೂದಲು ತೆಗೆಸುವ ಲೇಸರ್ ಶುರು ಮಾಡಿಸಬೇಕೆಂದು, ಸಂಕ್ರಾಂತಿ ಮುಗಿದದ್ದೇ ಆದೋನಿಯ ಚರ್ಮದ ಡಾಕ್ಟರಮ್ಮನ ಬಳಿ ಹೋದೆ. ಜೊತೆಗೆ ದೊಡ್ಡವ್ವ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ.

ಡಾಕ್ಟರಮ್ಮ ಹೇಳಿದರು: ಲೇಸರಿಗೆ ಮೊದಲು ಆರು ವಾರ ಕೂದಲು ಕೀಳಬಾರದು, ಬೇಕಾದರೆ ಬ್ಲೇಡಿನಿಂದ ಬೋಳಿಸಬಹುದು. ಬಿಸಿಲಿಗೆ ಹೋಗಬಾರದು. ಮುಖಕ್ಕೆ ಅರಿಶಿನ ಬೇಡ.

ಬ್ಲೇಡು ಎಂದದ್ದೇ ನನ್ನ ಕಣ್ಣು ತುಂಬಿತು. ಹೆಂಗಸು ಗದ್ದ ಬೋಳಿಸಿಕೊಳ್ಳುವುದೇ? ಊರಿಗೆ ಗೊತ್ತಾದರೆ? ಕಣ್ಣೊರೆಸಿಕೊಂಡು, ಅವರು ಬರೆದುಕೊಟ್ಟ ಬಿಸಿಲಿನ ಕ್ರೀಮು ತರಲು ಹೊರಗೆ ಹೋದೆ. ಬಂದು ನೋಡಿದರೆ ದೊಡ್ಡವ್ವ ಗದ್ದ ಎತ್ತಿ ಡಾಕ್ಟರಮ್ಮನ ಮುಂದೆ ಕೂತಿದ್ದಾಳೆ!

"ನನ್ನ ಗದ್ದಾನೂ ನೋಡ್ಯಾರ. ಇವತ್ತಿಂದ ನಂದೂ ಪಥ್ಯ."

ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದು, ಸುಮ್ಮನೆ ನಕ್ಕರು.

ಪಥ್ಯವೆಂದರೆ ಎಂಥ ಪಥ್ಯ! ಮನೆಗೆ ಬಂದವಳೇ ಬದನೆಕಾಯಿ ನಿಲ್ಲಿಸಿದಳು.

"ಡಾಕ್ಟರು ಬದನಿಕಾಯಿ ಸುದ್ದಿನ ತಗದಿಲ್ಲ ದೊಡ್ಡವ್ವಾ."

"ಆಕಿ ಸಣ್ಣಾಕಿ, ಮರತಿರ್ತಾಳ. ಬದನಿಕಾಯಿ ಬಿಡಲಾರದ ಪಥ್ಯ ಎಲ್ಲಿ ಕೇಳೀದಿ?"

ಬದನೆಕಾಯಿ ಎಂದರೆ ಪ್ರಾಣ ಬಿಡುವ ದೊಡ್ಡಪ್ಪ ತಟ್ಟೆ ದೂಡಿ ಕೇಳಿದ: "ನಿಮ್ಮಿಬ್ಬರ ಗದ್ದಕ್ಕ ನನ್ನ ಹೊಟ್ಟಿ ಏನ್ ಮಾಡೈತಿ?"

ಅವಳ ಕೀಲಿಗೊಂಚಲಿನಲ್ಲಿ ಒಂದು ಚಿಮಟ ಇತ್ತು. ದಿನಾ ಕಟ್ಟೆಯ ಮೇಲೆ ಕೂತು, ಬೆರಳಿನಿಂದ ಗದ್ದ ತಡವಿ, ಸಿಕ್ಕಿದ ಕೂದಲು ಕೀಳದಿದ್ದರೆ ಅವಳಿಗೆ ಚಹಾ ರುಚಿಸದು. ಅದನ್ನು ಬಿಚ್ಚಿ ನನ್ನ ಕೈಗಿಟ್ಟಳು. "ನಾ ಕೇಳಿದ್ರೂ ಕೊಡಬ್ಯಾಡ. ಬೈದ್ರೂ ಕೊಡಬ್ಯಾಡ."

ಶುಕ್ರವಾರ ಮುತ್ತೈದೆಯರೆಲ್ಲ ಕೆನ್ನೆಗೆ ಅರಿಶಿನ ಬಳಿದುಕೊಂಡರೆ, ಇವಳು ಮುಖದ ಪಾಲನ್ನೂ ಕಾಲಿಗೇ ಹಚ್ಚಿಕೊಂಡು ಮೊಣಕಾಲವರೆಗೆ ಹಳದಿಯಾದಳು. ಮುಖಕ್ಕೆ ಬೆಳ್ಳಗೆ ಕ್ರೀಮು ಮೆತ್ತಿಕೊಂಡು ಹೊಲಕ್ಕೆ ಹೋದಾಗ ಮನೆಯ ಎಮ್ಮೆಯೇ ಗುರುತು ಹಿಡಿಯದೆ ಹಗ್ಗ ಜಗ್ಗಿತು!

ಬ್ಲೇಡಿನ ದಿನ ಬಂತು. ನಾನು ಒಳಗೆ ಚಿಲಕ ಹಾಕಿಕೊಂಡು, ಬ್ಲೇಡಿನ ಕಾಗದ ಬಿಚ್ಚದೆ ನಿಂತಿದ್ದೆ. ಅವಳು? ಬೀದಿಯ ಕಟ್ಟೆಯ ಮೇಲೆ ಗಡ್ಡ ಬೋಳಿಸುತ್ತಿದ್ದ ದೊಡ್ಡಪ್ಪನ ಪಕ್ಕದಲ್ಲೇ ಕೂತು, ಅವನ ಕನ್ನಡಿಯಲ್ಲೇ ಪಾಲು ಕೇಳಿ, ಗದ್ದಕ್ಕೆ ಸೋಪು ಹಚ್ಚಿದಳು. ಬೀದಿಯೇ ನಿಂತಿತು.

ಎದುರುಮನೆಯಾಕೆ ಸೆರಗು ಕಚ್ಚಿಕೊಂಡು, "ಅಯ್ಯ ಯಕ್ಕಾ, ಈ ವಯಸಿನ್ಯಾಗ ಯಾರಿಗೆ ತೋರ್ಸಾಕ ಇದು?" ಎಂದಳು.

"ಕನ್ನಡಿಗೆ. ದಿನಾ ನೋಡ್ತೈತಿ, ಪಾಪ."

"ಮತ್ತ ನಿಮ್ಮ ಹುಡುಗಿ ಯಾಕ ಕೊಡಿ ಹಿಡಕೊಂಡು ಅಡ್ಡಾಡ್ತಾಳ?"

"ನನ್ನ ಜೋಡಿ ಆಕೀನೂ ಪಥ್ಯ ಹಿಡದಾಳ, ಪುಣ್ಯಾತಗಿತ್ತಿ."

ಚಿಲಕ ಹಾಕಿದ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆರು ವಾರ ಊರಿನ ನಾಲಗೆಯೆಲ್ಲ ಅವಳ ಗದ್ದದ ಮೇಲಿತ್ತು. ನನ್ನ ಗದ್ದ ಯಾರಿಗೂ ನೆನಪಾಗಲಿಲ್ಲ. ಅಂಥ ಎದೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ?

ಮಾರ್ಚಿನಲ್ಲಿ ನನ್ನ ಮೊದಲ ಸರದಿ ಮುಗಿಯಿತು. ರಬ್ಬರು ಬಳೆ ಸೆಳೆದು ಬಿಟ್ಟಂತೆ ಚುರ್ ಎಂದಿತು, ಅಷ್ಟೇ. ಕಪ್ಪು ಕನ್ನಡಕ ಬಿಚ್ಚಿ, "ಈಗ ದೊಡ್ಡವ್ವಂದು ಮಾಡ್ರಿ" ಎಂದೆ.

ಡಾಕ್ಟರಮ್ಮ ಅವಳ ಕಡೆ ನೋಡಿದರು. "ಇಂಕಾ ಚೆಪ್ಪಲೇದಾ ಅಮ್ಮಾ?" ಇನ್ನೂ ಹೇಳಿಲ್ಲವೇ ಎಂದು ತೆಲುಗಿನಲ್ಲಿ ಕೇಳಿ, ನನಗೆ ಹೇಳಿದರು: "ಅವರದೆಲ್ಲ ಬಿಳಿ ಕೂದಲು. ಬಿಳಿ ಕೂದಲಿಗೆ ಲೇಸರ್ ಕೆಲಸ ಮಾಡಲ್ಲಮ್ಮಾ. ಮೊದಲ ದಿನವೇ ಹೇಳಿದ್ದೆ."

ದೊಡ್ಡವ್ವ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು. ಓದು ಬಾರದವಳು!

"ಮತ್ತ ಯಾಕ ದೊಡ್ಡವ್ವಾ, ಇಷ್ಟೆಲ್ಲ?"

"ಒಬ್ಬಾಕಿನ ಪಥ್ಯ ಮಾಡಿದ್ರ ರೋಗ ಅಂತಾರ. ಇಬ್ಬರು ಮಾಡಿದ್ರ ಹುಚ್ಚು ಅಂತಾರ. ಹುಚ್ಚಾದ್ರ ಚಲೋ ಅಲ್ಲೇನು?" ಕೊಡೆ ಬಿಚ್ಚಿದಳು. "ನಡಿ. ಇನ್ನ ಐದು ಸಲ ಐತಿ. ಬದನಿಕಾಯಿ ಆಮ್ಯಾಲ ತಿಂದರಾತು."

ಮೊದಲನೆಯದೂ ಸೇರಿ ಮೂರು ಸಲ ಬಂದಳು. ಮೂರನೆಯದು ಮುಗಿದ ಹದಿನೈದು ದಿನಕ್ಕೆ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ಮುತ್ತೈದೆಯೆಂದು ಹೆಂಗಸರು ಅವಳ ಕೆನ್ನೆ ತುಂಬ ಅರಿಶಿನ ಹಚ್ಚಿದರು. ತಡೆಯಬೇಕೆನಿಸಿತು ನನಗೆ. ಬೇಡ, ಇನ್ನೂ ಮೂರು ಸಲ ಇದೆ ಎನ್ನಬೇಕೆನಿಸಿತು.

ಉಳಿದ ಮೂರಕ್ಕೂ ನಾನೊಬ್ಬಳೇ ಹೋಗಿಬಂದೆ. ಈ ಬೇಸಿಗೆ ದುಪಟ್ಟಾ ಹೆಗಲ ಮೇಲೇ ಇದೆ. ಚಿಮಟ ಮಾತ್ರ ನನ್ನ ಹತ್ತಿರವೇ ಉಳಿದಿದೆ. ಕೇಳಿದರೂ ಕೊಡಬೇಡ ಎಂದಿದ್ದಳು. ಕೊಡುವುದಿಲ್ಲ. ಕೇಳುವುದಕ್ಕಾದರೂ ಒಂದು ಸಲ ಬರಲಿ.