ಹನ್ನೆರಡು ಮಕ್ಕಳ ಒಂದೇ ದಿನಚರಿ

ಕೊರೊನಾ ಕಾಲದಲ್ಲಿ ಶಾಲೆಗೆ ಬೀಗ ಹಾಕಿದವರು ದೊಡ್ಡವರು. ದಂಡ ತೆತ್ತವರು ಪ್ರಾಥಮಿಕ ಶಾಲೆಯ ಮಕ್ಕಳು. ಇದನ್ನು ನಾನು ಸಭೆ ಸಭೆಗಳಲ್ಲಿ ಮೇಜು ಗುದ್ದಿ ಹೇಳುತ್ತ ಬಂದಿದ್ದೇನೆ. ನಮ್ಮ ವನಗೂರಿನ ಗುಡ್ಡ ಹತ್ತದ ಮೊಬೈಲ್ ಸಿಗ್ನಲ್ಲನ್ನೂ, ಮಕ್ಕಳ ಬಳಿ ಇಲ್ಲದ ಫೋನಿಗೆ ಪಾಠ ಕಳುಹಿಸಿದ ಇಲಾಖೆಯನ್ನೂ ಬಿಡದೆ ಖಂಡಿಸಿದ್ದೇನೆ. ಖಂಡನೆ ನನಗೆ ರೂಢಿ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ನಿರ್ಣಯ ಮಂಡಿಸುವವಳು ನಾನು.

ಆಗ ಮೂರನೇ ತರಗತಿಯ ಶಿಕ್ಷಕಿಯಾಗಿ ನಾನು ಕಂಡುಹಿಡಿದ ಪ್ರಗತಿಪರ ಉಪಾಯವೆಂದರೆ ಅಭ್ಯಾಸ ಹಾಳೆ. ವಾರಕ್ಕೊಮ್ಮೆ ಅದು ಗುಡ್ಡದ ಮೇಲಿನ ಕಾಫಿ ಎಸ್ಟೇಟಿನ ಜೀಪು ಹತ್ತಿ ಕಾರ್ಮಿಕರ ಲೈನ್ ಮನೆಗಳ ಹನ್ನೆರಡು ಮಕ್ಕಳನ್ನು ತಲುಪಿ, ಭರ್ತಿಯಾಗಿ ಮರಳುತ್ತಿತ್ತು. 'ನಿನ್ನ ದಿನಚರಿ ಬರೆ' ಎಂದರೆ ಹನ್ನೆರಡೂ ಮಕ್ಕಳು, 'ಬೆಳಿಗ್ಗೆ ಎಂಟಕ್ಕೆ ಹಾಜರಿ. ಸಂಜೆ ನಾಲ್ಕೂವರೆಗೆ ಕೆಲಸ ಬಂದ್. ಮಳೆಯಿದ್ದರೆ ಸ್ಟೋರ್ ಒಳಗೆ' ಎಂದು ಬರೆದಿದ್ದರು. ಶ್ರಮಜೀವಿಗಳ ಮಕ್ಕಳ ಸಮಯಪ್ರಜ್ಞೆಗೆ ನನ್ನ ಕಣ್ಣು ತುಂಬಿ ಬಂತು. ಎಲ್ಲರಿಗೂ ಎ ಪ್ಲಸ್ ಕೊಟ್ಟೆ.

ಶಾಲೆ ತೆರೆಯಿತು. ಆ ಹನ್ನೆರಡರಲ್ಲೊಬ್ಬಳಾದ ಕಾವ್ಯ ನಾಲ್ಕನೆಯದನ್ನೂ ದಾಟಿ ಈ ವರ್ಷ ಮತ್ತೆ ನನ್ನ ಕೈಗೆ, ಐದನೆಯ ತರಗತಿಗೆ ಬಂದಳು. ಪಾಠ ಓದು ಎಂದೆ. ಪುಸ್ತಕವನ್ನು ನನ್ನತ್ತಲೇ ಚಾಚಿದಳು.

"ಅಕ್ಷರ ಜೋಡ್ಸಕ್ಕೆ ಬರಲ್ಲ ಮಿಸ್."

"ಅಷ್ಟೊಂದು ಹಾಳೆ ತುಂಬಿದ್ದೆಯಲ್ಲೇ?"

"ಅವು ರೈಟರ್ ಮಾಮ ಬರ್ದಿದ್ದು."

ಎಸ್ಟೇಟಿನಲ್ಲಿ ಹಾಜರಿ ಬರೆಯುವ ಆ ರೈಟರ್ ಪುಟ್ಟಸ್ವಾಮಣ್ಣನನ್ನು ಖಂಡಿಸಲೆಂದೇ ಗುಡ್ಡ ಹತ್ತಿದೆ. ಆತ ನಕ್ಕುಬಿಟ್ಟ. "ಬಯ್ಯಬ್ಯಾಡಿ ಕಣ್ರೀ ಮೇಡಂ. ಹಾಳೆ ಖಾಲಿ ಹೋದ್ರೆ ಶಾಲೆಯಿಂದ ಮಕ್ಕಳ ಹೆಸ್ರು ಹೊಡ್ದಾಕ್ತಾರೆ ಅಂತ ಅವರವ್ವಂದಿರು ಅಳ್ತಿದ್ರು. ಮೂರನೇ ಕ್ಲಾಸು ಹನ್ನೆರಡು ಸಲ ಪಾಸ್ ಮಾಡ್ಬುಟ್ಟೆ ನಾನು! ನನ್ ಕಾಲ್ದಲ್ಲಿ ಒಂದ್ಸಲ ಪಾಸಾಗಕ್ಕೇ ಎರಡು ವರ್ಷ ಹಿಡಿದಿತ್ತು ಮಾರಾಯ್ರೆ."

ಪಕ್ಕದಲ್ಲಿದ್ದ ಕಾವ್ಯಳ ತಾಯಿ ನಗಲಿಲ್ಲ. "ಓದಕ್ಕೇ ಬರಲ್ಲ ಅಂದ್ರೆ ಆರನೇ ಕ್ಲಾಸಿಗೆ ಅಂತ ಹೆತ್ತೂರ್ ಶಾಲೆಗೆ ಯಾಕ್ ಕಳ್ಸಾದು? ಜೂನಿಂದ ನನ್ ಜೊತೆ ತೋಟಕ್ಕೇ ಬರ್ಲಿ ಬುಡಿ. ಅಲ್ಲಾ ಮೇಡಂ, ಎ ಪ್ಲಸ್ ಐತೆ ಅಂತ ಸಹಿ ಹಾಕಿದ್ದು ನೀವೇ ಅಲ್ವಾ?"

ಖಂಡಿಸಲು ಹೋದವಳು ಜೂನ್‌ವರೆಗೆ ಏನನ್ನೂ ತೀರ್ಮಾನಿಸಬೇಡಿ, ಅಷ್ಟರಲ್ಲಿ ಓದಲು ಕಲಿಸುತ್ತೇನೆ ಎಂದಷ್ಟೇ ಬೇಡಿಕೊಂಡು ಗುಡ್ಡ ಇಳಿದೆ.

ಆದ್ದರಿಂದ ಮಾನ್ಯ ಶಿಕ್ಷಣಾಧಿಕಾರಿಗಳೇ, ಬೇಸಿಗೆ ರಜೆಯಿಡೀ ನಮ್ಮ ಶಾಲೆ ತೆರೆದಿರಬೇಕು. ಆ ಹನ್ನೆರಡೂ ಮಕ್ಕಳು ನಿಮ್ಮೆದುರು ನಿಂತು ಒಂದು ಪುಟ ಓದುವವರೆಗೆ ಈ ಪತ್ರಕ್ಕೆ ಸಹಿ ಹಾಕಿದ ಶಿಕ್ಷಕಿಗೆ ಒಂದು ದಿನದ ರಜೆಯನ್ನೂ ಮಂಜೂರು ಮಾಡಬೇಡಿ. ಆಕೆ ರಜೆ ಅರ್ಜಿ ಬರೆಯುವುದರಲ್ಲಿ ನಿಪುಣೆ; ಎಷ್ಟು ಚೆನ್ನಾಗಿ ಬರೆದರೂ ನಂಬಬೇಡಿ.